ಹೈಬ್ರಿಡ್ ಹೊಲಗಳ ನಡುವೆ ಬಿಳಿ ಗೋವಿನಜೋಳದ ಬೀಜ: ನನ್ನ ಅನುಭವ

ಸುತ್ತಲೂ ಹಳದಿ ಹೈಬ್ರಿಡ್ ಇರುವಾಗ ಬಿಳಿ ಗೋವಿನಜೋಳದ ಜವಾರಿ ಬೀಜ ಕೆಡದೆ ಉಳಿಯುವುದಿಲ್ಲ ಅಂತ ರಾಣೆಬೆನ್ನೂರು ಕಡೆ ಹೇಳದವರಿಲ್ಲ. ನನ್ನ ಅರ್ಧ ಎಕರೆಯಲ್ಲಿ ಉಳಿದಿದೆ. ಈ ಸಲ ಬೀಜಕ್ಕೇ ಕ್ವಿಂಟಲ್ ಹತ್ತಿರ ಹೋಯಿತು.

ಗಾಳಿಯಲ್ಲಿ ಬರುವ ಹೈಬ್ರಿಡ್ ಪರಾಗ ತಾಗದಂತೆ ಇನ್ನೂರು ಮುನ್ನೂರು ಮೀಟರ್ ಅಂತರ ಬಿಡುವಷ್ಟು ಹೊಲ ಯಾರಿಗಿದೆ? ಹಾಗಾಗಿ ಎರಡೂ ಒಟ್ಟಿಗೆ ಹೂ ಬಿಡದಂತೆ ಕಾಲ ತಪ್ಪಿಸಬೇಕು. ಮುಂಗಾರಿನಲ್ಲೇ ಇಪ್ಪತ್ತೈದು ದಿನ ತಡವಾಗಿ ಬಿತ್ತಿದರೆ ಹೂವಿನ ಹೊತ್ತೇನೋ ತಪ್ಪುತ್ತದೆ, ಆದರೆ ಸುತ್ತಲಿನ ಬೆಳೆ ಬಲಿತ ಮೇಲೆ ಸೈನಿಕ ಹುಳು ನಮ್ಮ ಎಳೆ ಸುಳಿಗೇ ನುಗ್ಗುತ್ತದೆ. ಔಷಧಿಗೇ ಎಕರೆಗೆ ಮೂರ್ನಾಲ್ಕು ಸಾವಿರ. ಜನವರಿ ಕೊನೆಗೆ ಬಿತ್ತಿದರೆ ಬೇಸಿಗೆ ಬಿಸಿಲಿಗೆ ಪರಾಗ ಒಣಗಿ ತೆನೆ ಹಲ್ಲುದುರಿದ ಬಾಯಿಯಾಗುತ್ತದೆ. ಕೈ ಹಿಡಿದದ್ದು ಅಕ್ಟೋಬರ್ ನಡುವಿನ ಬಿತ್ತನೆ ಮತ್ತು ಬೋರ್‌ವೆಲ್ ನೀರು. ಸೂಲಂಗಿ, ಅಂದರೆ ಪರಾಗ ಉದುರಿಸುವ ತುದಿಯ ಗಂಡು ಹೂವು, ಡಿಸೆಂಬರಿಗೆ ಬರುತ್ತದೆ, ಅಷ್ಟರಲ್ಲಿ ಅಕ್ಕಪಕ್ಕದವರ ಕಟಾವು ಮುಗಿದಿರುತ್ತದೆ.

ಬೆರಕೆ ಆಗಿದೆಯೋ ಇಲ್ಲವೋ ಎಂದು ಮುಂದಿನ ವರ್ಷದವರೆಗೆ ಕಾಯಬೇಕಿಲ್ಲ. ಹಳದಿಯ ಪರಾಗ ಬಿದ್ದ ಕಾಳು ಅದೇ ತೆನೆಯಲ್ಲಿ ತಿಳಿ ಹಳದಿಯಾಗಿ ಕಾಣುತ್ತದೆ. ಎಲ್ಲಿ ಕಾಣುತ್ತದೆ ನೋಡಿ: ಪರಾಗ ಹಿಡಿಯಲು ಪ್ರತಿ ಕಾಳಿಗೂ ಒಂದು ರೇಷ್ಮೆಯಂಥ ಎಳೆ ಇರುತ್ತದೆ; ತೆನೆಯ ಬುಡದ ಕಡೆಯ ರೇಷ್ಮೆ ಎಳೆ ಮೊದಲು ಹೊರಬರುತ್ತದೆ, ತುದಿಯದು ಕೊನೆಗೆ. ಹಳದಿ ಬುಡದಲ್ಲಿದ್ದರೆ ನಮ್ಮ ಸೂಲಂಗಿ ಬಿಚ್ಚುವ ಮೊದಲೇ ಹೊರಗಿನ ಪರಾಗ ಬಂದಿದೆ. ತುದಿಯಲ್ಲಿದ್ದರೆ ನಮ್ಮದು ಮುಗಿದ ಮೇಲೆ. ಮುಂದಿನ ಬಿತ್ತನೆಯನ್ನು ಅದರ ಪ್ರಕಾರ ಹಿಂದೆ ಮುಂದೆ ಮಾಡುತ್ತೇನೆ.

ಬೀಜ ಕೈಬಿಡುವುದು ಹೆಚ್ಚಾಗಿ ಬೆರಕೆಯಿಂದಲ್ಲ, ಆಸೆಯಿಂದ. ದಪ್ಪ ತೆನೆ ಹತ್ತೇ ಆರಿಸಿ ಬೀಜ ಮಾಡಿದರೆ ಮೂರ್ನಾಲ್ಕು ಬೆಳೆಯೊಳಗೆ ಗಿಡ ಗಿಡ್ಡಾಗಿ, ಸೂಲಂಗಿಗೂ ರೇಷ್ಮೆಗೂ ಹೊಂದಾಣಿಕೆ ತಪ್ಪುತ್ತದೆ. ಇದೇ ಒಳಸಂಕರ, ಹತ್ತಿರದ ನೆಂಟರೊಳಗೇ ಕೂಡುವುದು. ಮೆಕ್ಸಿಕೋದ ಬಾಲ್ಸಾಸ್ ಕಣಿವೆಯಲ್ಲಿ ಸುಮಾರು 9,000 ವರ್ಷದ ಹಿಂದೆ ಒಂದೊಂದೂ ಗಟ್ಟಿ ಚಿಪ್ಪಿನೊಳಗಿದ್ದ ಐದರಿಂದ ಹನ್ನೆರಡು ಕಾಳಿನ ಟಿಯೋಸಿಂಟೆ ಹುಲ್ಲನ್ನು ಈ ತೆನೆ ಮಾಡಿದ್ದು ರೈತರ ಆಯ್ಕೆಯೇ. ಆದರೆ ಆರಿಸಲು ಮೊದಲು ವೈವಿಧ್ಯ ಇರಬೇಕಲ್ಲ! ನಾನು ಇನ್ನೂರು ತೆನೆಗೆ ಕಡಿಮೆ ಇಡುವುದಿಲ್ಲ. ಗಿಡ ನಿಂತಿರುವಾಗಲೇ ಬೀಜದ ಗಿಡಕ್ಕೆ ಗುರುತಿಗೆ ದಾರ ಕಟ್ಟಬೇಕು, ಬದುವಿನ ಸಾಲು ಬೇಡ, ನಾಲ್ಕೂ ಕಡೆ ಜೊತೆ ಗಿಡ ಇರುವುದನ್ನೇ ಆರಿಸಬೇಕು. ಪ್ರತಿ ತೆನೆಯ ನಡುಭಾಗದಿಂದ ಸಮನಾಗಿ ಎಂಬತ್ತು ಕಾಳು. ಅರ್ಧ ಎಕರೆಗೆ ಬೇಕಾದ ನಾಲ್ಕು ಕೆಜಿ ಚಿಲ್ಲರೆ ಅಲ್ಲಿಗೇ ಆಗುತ್ತದೆ.

ಒಂದು ಸಲ ಬಿಳಿಯದರ ನಡುವೆ ಹಳದಿ ಪಾಪ್‌ಕಾರ್ನ್ ಎರಡು ಸಾಲು ಹಾಕಿ ನೋಡಿದೆ. ಕೆಲವು ಪಾಪ್‌ಕಾರ್ನ್ ತಳಿ ಬೇರೆ ಗೋವಿನಜೋಳದ ಪರಾಗ ಹಿಡಿಯುವುದಿಲ್ಲ. ನನ್ನದೂ ಆ ಜಾತಿಯದೇ ಇರಬಹುದು. ಆದರೆ ಅದರ ಪರಾಗ ಬಿಳಿಯದನ್ನು ಚೆನ್ನಾಗಿಯೇ ಕೆಡಿಸಿತು. ಈಗ ಅದು ಹಿತ್ತಲಲ್ಲಿ, ಮುಂಗಾರಿಗೆ ಮಾತ್ರ.

ಇಳುವರಿ ಎಕರೆ ಲೆಕ್ಕಕ್ಕೆ ಹದಿನಾರು ಹದಿನೇಳು ಕ್ವಿಂಟಲ್, ಹೈಬ್ರಿಡ್‌ಗಿಂತ ಹತ್ತು ಹನ್ನೆರಡು ಕಡಿಮೆ. ಬೀಜ ಕೆಜಿಗೆ ಅರವತ್ತರಂತೆ ಹೋಗುತ್ತದೆ, ಉಳಿದದ್ದು ರೊಟ್ಟಿ ಹಿಟ್ಟಿಗೆ. ಹೈಬ್ರಿಡ್ ಬೀಜದ ಚೀಲಕ್ಕೆ ಕೊಡುವ ದುಡ್ಡೂ ಮಿಕ್ಕುತ್ತದೆ. ಕೂಡಿಟ್ಟ ಬೀಜದ ನುಸಿಗೆ ಬೂದಿ, ಬೇವು ಎಲ್ಲರಿಗೂ ಗೊತ್ತು. ನಾನು ಜೊತೆಗೆ ಹಾಕುವ ಇನ್ನೊಂದು ಸೊಪ್ಪಿದೆ. ಅದನ್ನು, ಬೀಜ ಒಯ್ಯಲು ಬಂದವರಿಗೆ ಮಾತ್ರ ಹೇಳುತ್ತೇನೆ.