ಖಗೋಳ ವಿಜ್ಞಾನಿ ಆಗಬೇಕಾ? ಬಿಎಸ್ಸಿಯಿಂದ ಕೆಲಸ ಖಾಯಂ ಆಗುವವರೆಗೆ

ಖಗೋಳ ವಿಜ್ಞಾನಿ ಆಗಲು ಯಾವ ಡಿಗ್ರಿ ಮಾಡಬೇಕು? ಫಿಸಿಕ್ಸ್. ಅಷ್ಟೇ. ಬಿಎಸ್ಸಿಯಲ್ಲಿ ಖಗೋಳ ವಿಜ್ಞಾನವೇ ಬೇಕು ಅಂತ ಊರೂರು ಕಾಲೇಜು ಹುಡುಕಬೇಡಿ. ವಿದ್ಯುತ್ಕಾಂತತೆ, ಕ್ವಾಂಟಂ, ಸ್ಟಾಟಿಸ್ಟಿಕಲ್ ಮೆಕಾನಿಕ್ಸ್, ಗಣಿತ, ಇಷ್ಟು ಗಟ್ಟಿಯಾಗಿದ್ದರೆ ಉಳಿದದ್ದನ್ನು ಪಿಎಚ್‌ಡಿಯ ಮೊದಲ ವರ್ಷದಲ್ಲಿ ಹೇಳಿಕೊಡುತ್ತಾರೆ. ಎಂಜಿನಿಯರಿಂಗ್ ಸೇರಿಬಿಟ್ಟಿದ್ದೀರಾ? ಬಾಗಿಲು ಮುಚ್ಚಿಲ್ಲ, ಬಿಟೆಕ್ ಮಾಡಿದವರನ್ನೂ ಹಲವು ಕಡೆ ತಗೊಳ್ಳುತ್ತಾರೆ, ಆದರೆ ಪ್ರವೇಶ ಪರೀಕ್ಷೆಯಲ್ಲಿ ಬರುವುದು ಫಿಸಿಕ್ಸೇ.

ಜೊತೆಗೆ ಲಿನಕ್ಸ್ ಮತ್ತು ಪೈಥಾನ್. ಇದನ್ನು ಕೋರ್ಸ್ ವಿಡಿಯೊ ನೋಡಿ ಕಲಿಯುವುದಕ್ಕಿಂತ ನಿಜವಾದ ಡೇಟಾ ಹಿಡಿದು ಕಲಿಯುವುದು ವಾಸಿ. ಯುರೋಪಿನ ಗಾಯಾ ಉಪಗ್ರಹ ಸುಮಾರು 180 ಕೋಟಿ ನಕ್ಷತ್ರಗಳ ಪಟ್ಟಿ ಕೊಟ್ಟಿದೆ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಕೃತ್ತಿಕೆ ಅನ್ನುವ ನಕ್ಷತ್ರಗುಚ್ಛದ ಸುತ್ತಲಿನ ನಕ್ಷತ್ರಗಳನ್ನು ತೆಗೆದುಕೊಳ್ಳಿ. ಅದರಲ್ಲಿ ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿದ್ದು ಒಂದೇ ದಿಕ್ಕಿಗೆ ಚಲಿಸುತ್ತಿರುವವನ್ನು ಮಾತ್ರ ಉಳಿಸಿಕೊಂಡು, ಅವುಗಳ ಬಣ್ಣ ಒಂದು ಅಕ್ಷದಲ್ಲಿ, ಹೊಳಪು ಇನ್ನೊಂದರಲ್ಲಿ ಇಟ್ಟು ಗ್ರಾಫ್ ಎಳೆಯಿರಿ. ಚುಕ್ಕಿಗಳೆಲ್ಲ ಒಂದು ಓರೆ ಪಟ್ಟಿಯಲ್ಲಿ ಸಾಲಾಗಿ ನಿಲ್ಲುತ್ತವೆ. ಕೆಲವು ಯಾಕೆ ಪಟ್ಟಿಯಿಂದ ಸ್ವಲ್ಪ ಮೇಲಿವೆ ಅಂತ ತಲೆ ಕೆಡಿಸಿಕೊಂಡಿರೋ (ಜೋಡಿ ನಕ್ಷತ್ರಗಳನ್ನು ಒಂದೇ ಅಂತ ಅಳೆದಾಗ ಹಾಗಾಗುತ್ತೆ), ನಿಮಗೆ ಈ ಕೆಲಸ ಹಿಡಿಸುತ್ತೆ. ಬೇಜಾರಾಯಿತಾ? ಅದೂ ಈಗಲೇ ಗೊತ್ತಾಗುವುದು ಒಳ್ಳೆಯದು, ಯಾಕಂದ್ರೆ ದಿನನಿತ್ಯದ ಕೆಲಸ ಜಾಸ್ತಿ ಇಂಥದ್ದೇ.

ಬೆಂಗಳೂರಿನಲ್ಲಿ ಓದುವವರಿಗೆ ಒಂದು ಅನುಕೂಲ ಇದೆ. ನೆಹರು ತಾರಾಲಯ ಡಿಗ್ರಿ ವಿದ್ಯಾರ್ಥಿಗಳಿಗಾಗಿ ರೀಪ್ ಅಂತ ವಾರಾಂತ್ಯದ ಫಿಸಿಕ್ಸ್ ತರಗತಿ ನಡೆಸುತ್ತದೆ. ಬೇರೆ ಊರಿನವರು ಮೂರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. ಪ್ರೊಫೆಸರಿಗೆ ನೇರವಾಗಿ ಮೇಲ್ ಬರೆಯುವುದಾದರೆ, 'ಚಿಕ್ಕಂದಿನಿಂದ ಆಕಾಶ ಅಂದ್ರೆ ಇಷ್ಟ' ಅಂತ ಶುರು ಮಾಡಬೇಡಿ, ಅದು ಎಲ್ಲರಿಗೂ ಇಷ್ಟಾನೇ. ಅವರ ಒಂದು ಪೇಪರ್ ಓದಿ, ಅದರಲ್ಲಿ ಅರ್ಥವಾಗದ ಒಂದು ಜಾಗದ ಬಗ್ಗೆ ಕೇಳಿ, ನೀವು ಮಾಡಿದ ಗ್ರಾಫ್ ಲಗತ್ತಿಸಿ. ಸಾಕು.

ಪಿಎಚ್‌ಡಿಗೆ ಜೆಸ್ಟ್, ಗೇಟ್, ಸಿಎಸ್‌ಐಆರ್ ನೆಟ್ ಅನ್ನುವ ಪರೀಕ್ಷೆಗಳು ಮುಖ್ಯ ದಾರಿಗಳು. ಪುಣೆಯ ಖಗೋಳ ಸಂಶೋಧನಾ ಸಂಸ್ಥೆಗಳಾದ ಅಯೂಕಾ ಮತ್ತು ಎನ್‌ಸಿಆರ್‌ಎ ಸೇರಿ ಐನ್ಯಾಟ್ ಅಂತ ತಮ್ಮದೇ ಪರೀಕ್ಷೆ ನಡೆಸುತ್ತವೆ. ಬೆಂಗಳೂರಿನಲ್ಲೇ ಕೋರಮಂಗಲದ ಭಾರತೀಯ ತಾರಾ ಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, 1982ರಿಂದ ಜಂಟಿ ಖಗೋಳ ಕಾರ್ಯಕ್ರಮ ನಡೆಸುತ್ತಿರುವ ಐಐಎಸ್‌ಸಿ, ಮೂರೂ ಇವೆ. ಪಿಎಚ್‌ಡಿ ಫೆಲೋಶಿಪ್ 2023ರ ಪರಿಷ್ಕರಣೆಯ ಪ್ರಕಾರ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಬದುಕಬಹುದು, ಊರಿಗೆ ದುಡ್ಡು ಕಳಿಸುವ ಜವಾಬ್ದಾರಿ ಇದ್ದರೆ ಕಷ್ಟ.

ಸಂಸ್ಥೆಯ ಹೆಸರಿಗಿಂತ ಗೈಡ್ ಮುಖ್ಯ. ಐದಾರು ವರ್ಷ ಅವರ ಜೊತೆ ಏಗಬೇಕು! ಸೇರುವ ಮುಂಚೆ ಅವರ ಹಳೆಯ ವಿದ್ಯಾರ್ಥಿಗಳನ್ನು ಹಿಡಿದು ಕೇಳಿ: ಎಷ್ಟು ವರ್ಷಕ್ಕೆ ಮುಗಿಯಿತು, ಪೇಪರಿನಲ್ಲಿ ಮೊದಲ ಹೆಸರು ಯಾರದ್ದು, ಅರ್ಧಕ್ಕೆ ಬಿಟ್ಟವರು ಎಷ್ಟು ಜನ, ಬರೆದುಕೊಟ್ಟ ಕರಡು ಎಷ್ಟು ದಿನಕ್ಕೆ ವಾಪಸ್ ಬರುತ್ತೆ. ಕ್ಯಾಂಟೀನಿನಲ್ಲಿ ಕೇಳಿ, ಮೇಲ್‌ನಲ್ಲಿ ಯಾರೂ ನಿಜ ಹೇಳಲ್ಲ.

ಇನ್ನು ದೂರದರ್ಶಕ. ಸುಮ್ನೆ ಹೋಗಿ ನೋಡೋಕಾಗಲ್ಲ, ಪ್ರಪೋಸಲ್ ಬರೆಯಬೇಕು. ಪುಣೆ ಕಡೆಯ ನಾರಾಯಣಗಾಂವ್ ಹತ್ತಿರದ ಜಿಎಂಆರ್‌ಟಿ, ಅಂದರೆ 45 ಮೀಟರ್ ಅಗಲದ 30 ಆಂಟೆನಾಗಳ ರೇಡಿಯೊ ದೂರದರ್ಶಕ, ವರ್ಷಕ್ಕೆ ಎರಡು ಸಲ ಅರ್ಜಿ ಕರೆಯುತ್ತದೆ. ಇರುವ ಸಮಯಕ್ಕಿಂತ ಕೇಳುವವರು ಜಾಸ್ತಿ, ಹಾಗಾಗಿ ಮೊದಲ ಪುಟದಲ್ಲೇ ನಿಮ್ಮ ಪ್ರಶ್ನೆ ಏನು, ಹಳೆಯ ಡೇಟಾದಿಂದ ಯಾಕೆ ಉತ್ತರ ಸಿಗಲ್ಲ, ಎಷ್ಟು ಗಂಟೆ ಬೇಕು ಅನ್ನೋದು ಲೆಕ್ಕದ ಸಮೇತ ಇರಬೇಕು. ಬೆಳಕಿನ ದೂರದರ್ಶಕವಾದರೆ ತಿಂಗಳೂ ನೋಡಿಕೊಳ್ಳಿ: ಮಳೆಗಾಲದಲ್ಲಿ ತಮಿಳುನಾಡಿನ ಕಾವಲೂರಿನ 2.34 ಮೀಟರ್ ದೂರದರ್ಶಕ ಕೇಳಿ ಪ್ರಯೋಜನವಿಲ್ಲ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ದೂರದರ್ಶಕ ಸಿಕ್ಕರೆ ಲಡಾಖಿಗೆ ಹೋಗುವ ಖುಷಿ ಏನೂ ಇಲ್ಲ, ಹೊಸಕೋಟೆಯ ಕೋಣೆಯಲ್ಲಿ ಕೂತು ಉಪಗ್ರಹ ಸಂಪರ್ಕದಲ್ಲಿ ನಡೆಸುತ್ತೀರಿ, ಬೆಳಗ್ಗೆ ಹೊರಗೆ ಬಂದರೆ ರಸ್ತೆಯ ಲಾರಿಗಳು.

ಪಿಎಚ್‌ಡಿ ಆದ ಮೇಲೆ ಪೋಸ್ಟ್‌ಡಾಕ್, ಅಂದರೆ ತಾತ್ಕಾಲಿಕ ಸಂಶೋಧನಾ ಕೆಲಸ. ಎರಡು ಮೂರು ವರ್ಷಕ್ಕೊಂದು ದೇಶ, ಹೀಗೆ ಎರಡು ಸುತ್ತಾದರೂ ಸಾಮಾನ್ಯ. ಮುಂದಿನ ವರ್ಷದ ಕೆಲಸಕ್ಕೆ ಕೊನೆಯ ದಿನಾಂಕಗಳು ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆಯೇ ಬರುತ್ತವೆ, ಥೀಸಿಸ್ ಮುಗಿಸಿ ನೋಡೋಣ ಅಂದುಕೊಂಡರೆ ಒಂದು ವರ್ಷ ಖಾಲಿ. ಖಾಯಂ ಕೆಲಸ ಸಿಗುವಷ್ಟರಲ್ಲಿ ಮೂವತ್ತೈದರ ಆಸುಪಾಸು. ಮದುವೆ, ಅಪ್ಪ ಅಮ್ಮನ ಆರೋಗ್ಯ, ಗಂಡ ಹೆಂಡತಿ ಇಬ್ಬರಿಗೂ ಒಂದೇ ಊರಲ್ಲಿ ಕೆಲಸ, ಇವೆಲ್ಲ ಈ ವರ್ಷಗಳಲ್ಲೇ ಬರುವುದು. ಮನೆಯಲ್ಲಿ ಮೊದಲೇ ಹೇಳಿಡಿ. ಮಧ್ಯದಲ್ಲಿ ಬಿಟ್ಟು ಡೇಟಾ ಸೈನ್ಸ್ ಕಡೆ ಹೋದವರನ್ನು ಸೋತವರು ಅನ್ನುವವರ ಮಾತಿಗೆ ಕಿವಿ ಕೊಡಬೇಡಿ.

ಫಲ ಬೇಗ ಸಿಗುವ ಕಸುಬೂ ಇದಲ್ಲ. ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಕಪ್ಪುಕುಳಿಯನ್ನು ಅಲುಗಿಸಿದರೆ ಅದು ಹೇಗೆ ಕಂಪಿಸಿ ಅಡಗುತ್ತದೆ ಅಂತ 1970ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಎರಡು ಕಪ್ಪುಕುಳಿ ಸೇರಿದಾಗ ಹೊಮ್ಮಿದ ಗುರುತ್ವ ಅಲೆಯನ್ನು ಅಮೆರಿಕದ ಲೈಗೊ ವೀಕ್ಷಣಾಲಯ ಹಿಡಿದದ್ದು 2015ರಲ್ಲಿ. ವಿಶ್ವೇಶ್ವರ ಅಷ್ಟು ದಿನ ಸುಮ್ಮನೆ ಕಾಯುತ್ತಾ ಕೂರಲಿಲ್ಲ, ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದ ಮೊದಲ ನಿರ್ದೇಶಕರು ಅವರೇ.

ಕೊನೆಗೆ, ಜಾಸ್ತಿ ಜನಕ್ಕೆ ಗೊತ್ತಿಲ್ಲದ ಒಂದು ದಾರಿ. ಕಾಲೇಜು ಅಥವಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಲೇ ಸಂಶೋಧನೆ ಮಾಡಬೇಕು ಅನ್ನುವವರಿಗೆ ಅಯೂಕಾದ ವಿಸಿಟಿಂಗ್ ಅಸೋಸಿಯೇಟ್ ಯೋಜನೆ ಇದೆ. ಆಯ್ಕೆಯಾದರೆ ರಜೆಯಲ್ಲಿ ಪುಣೆಗೆ ಹೋಗಿ ಅಲ್ಲಿನ ಗ್ರಂಥಾಲಯ, ಕಂಪ್ಯೂಟರ್ ಬಳಸಿಕೊಂಡು ಅಲ್ಲಿಯವರ ಜೊತೆ ಕೆಲಸ ಮಾಡಬಹುದು. ಇಸ್ರೋದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಡೇಟಾ ಸಾರ್ವಜನಿಕವಾಗಿದೆ, ದೂರದರ್ಶಕದ ಸಮಯ ಸಿಗದಿದ್ದರೂ ಪೇಪರ್ ಬರೆಯುವಷ್ಟು ಸಾಮಗ್ರಿ ಅದರಲ್ಲೇ ಇದೆ.