ಮೂರು ನಿಮಿಷದ ಶಾಸಕ: ಹಿಂದಿನ ಸಾಲಿನ ನನ್ನ ಅನುಭವ

ವಿಧಾನಸಭೆಯಲ್ಲಿ ನನ್ನ ಮೊದಲ ಭಾಷಣಕ್ಕೆ 14 ಪುಟ ಬರೆದುಕೊಂಡು ಹೋಗಿದ್ದೆ. ರಾಜ್ಯಪಾಲರ ಭಾಷಣದ ಮೇಲಿನ ವಂದನಾ ನಿರ್ಣಯದ ಚರ್ಚೆ ಅದು. ಶುರುವಿಗೆ ಒಂದು ವಚನ, ಆಮೇಲೆ ಕ್ಷೇತ್ರದ ಇತಿಹಾಸ, ಆಮೇಲೆ ನಾಯಕರಿಗೆಲ್ಲ ಧನ್ಯವಾದ. ವಿಷಯ ಬರುವುದು ಐದನೇ ಪುಟದಲ್ಲಿ. ಮೂರನೇ ಪುಟದಲ್ಲಿದ್ದಾಗಲೇ ಗಂಟೆ ಹೊಡೆಯಿತು. ‘ಮುಗಿಸಿ, ಮುಗಿಸಿ’ ಅಂದರು ಪೀಠದಲ್ಲಿದ್ದವರು. ಗಾಬರಿಯಲ್ಲಿ ಮತ್ತೊಂದು ಸಲ ಧನ್ಯವಾದ ಹೇಳಿ ಕೂತುಬಿಟ್ಟೆ. ಪಕ್ಕದ ಹಿರಿಯ ಶಾಸಕರು ನಗುತ್ತಾ, ‘ಚೆನ್ನಾಗಿತ್ತು ಕಣಯ್ಯಾ, ಆದ್ರೆ ಏನು ಕೇಳಿದೆ ಅಂತ ಗೊತ್ತಾಗಲಿಲ್ಲ’ ಅಂದರು. ನನಗೂ ಗೊತ್ತಾಗಿರಲಿಲ್ಲ.

ಸದನದಲ್ಲಿ 224 ಜನ. ಮಾತಿನ ಸಮಯ ಪಕ್ಷಗಳ ಬಲದ ಮೇಲೆ ಹಂಚಿಕೆಯಾಗುತ್ತದೆ. ಅದರಲ್ಲಿ ನಾಯಕರು, ಮಾಜಿ ಮಂತ್ರಿಗಳು, ನಾಲ್ಕೈದು ಸಲ ಗೆದ್ದವರು ಮಾತಾಡಿ ಉಳಿದದ್ದು ಹಿಂದಿನ ಸಾಲಿಗೆ. ದೊಡ್ಡ ಮದುವೆ ಮನೆಯ ಕೊನೇ ಪಂಕ್ತಿಯಲ್ಲಿ ಕೂತ ಹಾಗೆ. ಎಲೆ ಹಾಕುತ್ತಾರೆ, ಉಪ್ಪು ಬಡಿಸುತ್ತಾರೆ, ಪಾಯಸ ಬರುವ ಹೊತ್ತಿಗೆ ಪಾತ್ರೆ ಖಾಲಿ. ಇದಕ್ಕೆ ಸಿಟ್ಟು ಮಾಡಿಕೊಂಡು ಮೊದಲ ವರ್ಷ ಕಳೆದೆ. ಎರಡನೇ ವರ್ಷ ಲೆಕ್ಕ ಬೇರೆ ಹಾಕಿದೆ. ನನಗೆ ಸಿಗುವುದು ಮೂರು ನಿಮಿಷ ಅಂದರೆ ನಾನು ಮೂರು ನಿಮಿಷದ ಶಾಸಕ. ಅಷ್ಟರಲ್ಲಿ ಏನು ಮಾಡಬಹುದು?

ಮೊದಲು ಭಾಷಣವನ್ನು ತಲೆಕೆಳಗು ಮಾಡಿದೆ. ಕೊನೆಯಲ್ಲಿ ಹೇಳಬೇಕೆಂದಿದ್ದ ಬೇಡಿಕೆ ಮೊದಲ ವಾಕ್ಯಕ್ಕೆ ಬಂತು. ‘ಮಾನ್ಯ ಸಭಾಧ್ಯಕ್ಷರೇ, ನನ್ನದು ಒಂದೇ ಬೇಡಿಕೆ’ ಅಂತಲೇ ಶುರು. ಹಾಗೆಂದರೆ ಪೀಠಕ್ಕೂ ಸಮಾಧಾನ, ಈ ಮನುಷ್ಯ ಬೇಗ ಕೂರುತ್ತಾನೆ ಅಂತ. ವಚನ ಬಿಟ್ಟೆ. ಧನ್ಯವಾದ ಬಿಟ್ಟೆ. ಅದನ್ನು ಬಿಟ್ಟಿದ್ದಕ್ಕೆ ಒಬ್ಬಿಬ್ಬರು ಮುನಿಸಿಕೊಂಡರು, ಇರಲಿ.

ವಿಧಾನಸೌಧದ ಗ್ರಂಥಾಲಯಕ್ಕೆ ಹೋಗಲು ಶುರು ಮಾಡಿದ್ದೂ ಆಗಲೇ. ಹಳೆಯ ನಡವಳಿಗಳ, ಅಂದರೆ ಸದನದಲ್ಲಿ ಆಡಿದ ಮಾತಿನ ದಾಖಲೆಗಳ, ಸಂಪುಟಗಳು ಅಲ್ಲಿವೆ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಏನು ಮಾತಾಡಿದ್ದರು ಅಂತ ಹುಡುಕಿ ಓದಿದೆ. ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ, ಅವರು ಗೆದ್ದು ಸದನಕ್ಕೆ ಬಂದದ್ದು 1952ರಲ್ಲಿ. ಸಮಾಜವಾದಿಗಳು ಆಗ ಸದನದಲ್ಲಿ ಬೆರಳೆಣಿಕೆಯಷ್ಟು ಜನ. ಗೇಣಿದಾರನ ವಿಷಯ ಬಿಡದೆ ಹಿಡಿದರು. 1972ರಲ್ಲಿ ಅವರು ತೀರಿಕೊಂಡರು. ಉಳುವವನೇ ಹೊಲದೊಡೆಯ ಅನ್ನುವುದು ದೇವರಾಜ ಅರಸು ಅವರ ಕಾಲದಲ್ಲಿ ಕಾನೂನಾಗಿ ಜಾರಿಗೆ ಬಂದದ್ದು 1974ರಲ್ಲಿ. ಗೋಪಾಲಗೌಡರ ಹತ್ತಿರ ನಿಲ್ಲುವ ಯೋಗ್ಯತೆ ನನಗಿಲ್ಲ. ಆದರೆ ಆ ಪುಟ ಓದಿದ ಮೇಲೆ, ನಾನು ಒಂದು ಅಧಿವೇಶನದಲ್ಲಿ ಹೇಳಿದ್ದು ಮುಂದಿನ ಅಧಿವೇಶನಕ್ಕೆ ಆಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವುದು ಕಡಿಮೆಯಾಯಿತು.

ನಿಜವಾದ ಕೆಲಸ ಕಲಿತದ್ದು ಭಾಷಣದಿಂದ ಅಲ್ಲ, ಪ್ರಶ್ನೆಗಳಿಂದ. ಹೊರಗಿನವರಿಗೆ ಇದು ಅಷ್ಟು ಗೊತ್ತಿರುವುದಿಲ್ಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರಶ್ನೆಗಳಲ್ಲಿ ಎರಡು ಜಾತಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಉತ್ತರ ಕೊಡಬೇಕು, ನಾವು ಎದ್ದು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಅಷ್ಟೇ. ಚುಕ್ಕೆ ಪ್ರಶ್ನೆ ಅಂದರೆ ಎಲ್ಲರಿಗೂ ಆಸೆ, ಯಾಕೆಂದರೆ ಅದು ಟಿವಿಯಲ್ಲಿ ಬರುತ್ತದೆ. ಆದರೆ ಬ್ಯಾಲೆಟ್‌ನಲ್ಲಿ ಅಂದರೆ ಚೀಟಿ ಎತ್ತುವಾಗ ನಿಮ್ಮ ಹೆಸರು ಬರಬೇಕು, ನಿಮ್ಮ ಸರದಿ ಪ್ರಶ್ನೋತ್ತರಕ್ಕಿರುವ ಒಂದು ಗಂಟೆಯೊಳಗೆ ಬರಬೇಕು, ಅವತ್ತು ಯಾರೂ ಧರಣಿಗೆಂದು ಸದನದ ಬಾವಿಗೆ, ಅಂದರೆ ಪೀಠದ ಮುಂದಿನ ಜಾಗಕ್ಕೆ, ಇಳಿಯಬಾರದು. ಈ ಮೂರೂ ಕೂಡಿ ಬರುವುದು ಅಪರೂಪ. ಒಮ್ಮೆ ನನ್ನ ಪ್ರಶ್ನೆ ಪಟ್ಟಿಯಲ್ಲಿ ಎರಡನೆಯದಾಗಿತ್ತು. ರಾತ್ರಿಯೆಲ್ಲ ಉಪಪ್ರಶ್ನೆ ಅಭ್ಯಾಸ ಮಾಡಿದ್ದೆ. ಬೆಳಗ್ಗೆ ಬೇರೆ ಯಾವುದೋ ವಿಷಯಕ್ಕೆ ಗಲಾಟೆಯಾಗಿ ಕಲಾಪ ಮುಂದೂಡಿಕೆ. ಆಮೇಲೆ ನಾನು ಲಿಖಿತ ಉತ್ತರದ ಕಡೆಗೇ ಜಾಸ್ತಿ ವಾಲಿದೆ. ಗಲಾಟೆಯಾದರೂ ಕಾಗದ ಬರುತ್ತದೆ.

ಆ ಕಾಗದ ಓದುವುದು ಒಂದು ವಿದ್ಯೆ. ನನ್ನ ಮೊದಲ ಪ್ರಶ್ನೆ ವೃದ್ಧರ ಮಾಸಾಶನದ ಬಗ್ಗೆ. ಕ್ಷೇತ್ರದಲ್ಲಿ ಎಲ್ಲಿ ಹೋದರೂ ಮುದುಕರು ಅಡ್ಡ ನಿಂತು, ದುಡ್ಡು ನಿಂತುಹೋಗಿದೆ ಅನ್ನುತ್ತಿದ್ದರು. ಎಲ್ಲರೂ ಬರೆಯುವ ಹಾಗೆ ನಾನೂ ಬರೆದೆ. (ಅ) ಮಾಸಾಶನ ಸ್ಥಗಿತಗೊಂಡು ವೃದ್ಧರು ತೊಂದರೆ ಅನುಭವಿಸುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ಉತ್ತರ ಬಂತು. (ಅ) ಬಂದಿರುವುದಿಲ್ಲ. (ಆ) ಉದ್ಭವಿಸುವುದಿಲ್ಲ. ಮುಗಿಯಿತು! ಎರಡು ಪದದಲ್ಲಿ ನನ್ನ ಇಡೀ ತಾಲ್ಲೂಕಿನ ಮುದುಕರನ್ನು ಮನೆಗೆ ಕಳಿಸಿದ್ದರು. ಅಧಿಕಾರಿಗಳನ್ನು ಬೈದು ಏನು ಪ್ರಯೋಜನ? ಬಾಗಿಲು ನಾನೇ ತೆರೆದಿಟ್ಟಿದ್ದೆ, ಅವರು ಆಚೆ ಹೋದರು.

ಮುಂದಿನ ಸಲ ‘ಗಮನಕ್ಕೆ ಬಂದಿದೆಯೇ’ ಹೊಡೆದುಹಾಕಿದೆ. ಅಭಿಪ್ರಾಯ ಕೇಳಲಿಲ್ಲ, ಪಟ್ಟಿ ಕೇಳಿದೆ. ನನ್ನ ಕ್ಷೇತ್ರದಲ್ಲಿ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಎಷ್ಟು ಜನರ ಮಾಸಾಶನ ನಿಂತಿದೆ, ಹೋಬಳಿವಾರು. ನಿಲ್ಲಿಸಲು ಕಾರಣವೇನು, ಕಾರಣವಾರು. ನಿಲ್ಲಿಸುವ ಮೊದಲು ಮನೆಗೆ ಹೋಗಿ ನೋಡಿದವರು ಯಾರು. ಮತ್ತೆ ಶುರುವಾದದ್ದು ಎಷ್ಟು ಜನರಿಗೆ, ಎಷ್ಟು ದಿನಕ್ಕೆ. ಇದಕ್ಕೆ ‘ಉದ್ಭವಿಸುವುದಿಲ್ಲ’ ಅಂತ ಬರೆಯುವುದು ಕಷ್ಟ. ‘ಅನುಬಂಧದಲ್ಲಿ ಒದಗಿಸಿದೆ’ ಅಂತ ಬಂತು. ಉತ್ತರದ ಕಾಗದದಲ್ಲಿ ಹೂರಣ ಇರುವುದೇ ಅನುಬಂಧದಲ್ಲಿ. ಹೋಬಳಿವಾರು ಕೂಡಿದರೆ ಒಂದು ಮೊತ್ತ, ಕಾರಣವಾರು ಕೂಡಿದರೆ ಇನ್ನೊಂದು. ಕ್ಯಾಲ್ಕುಲೇಟರ್ ಇಟ್ಟುಕೊಂಡು ಮೂರು ಸಲ ಕೂಡಿದೆ, ತಾಳೆಯಾಗಲಿಲ್ಲ. ಕಾರಣಗಳಲ್ಲಿ ದೊಡ್ಡದು ‘ಮರಣ’.

ಅಷ್ಟು ಹೊತ್ತಿಗೆ ನಾನೂ ಒಂದು ನೋಟ್‌ಬುಕ್ ಇಟ್ಟಿದ್ದೆ. ಯಾರು ಬಂದು ಹೇಳಿದರೂ ಹೆಸರು, ಊರು, ದುಡ್ಡು ನಿಂತ ತಿಂಗಳು. ಮರಣದ ಪಟ್ಟಿ ತರಿಸಿ ಆ ನೋಟ್‌ಬುಕ್ ಜೊತೆ ಹಿಡಿದು ನೋಡಿದೆ. ಕೆಲವರು ಎರಡರಲ್ಲೂ ಇದ್ದರು. ನನ್ನ ಮುಂದೆ ನಿಂತು ಮಾತಾಡಿದವರು! ಅವರಲ್ಲಿ ಒಬ್ಬ ಅಜ್ಜಿಯ ಮನೆಗೇ ಹೋದೆ. ಸುದ್ದಿ ಆಕೆಗೆ ಮೊದಲೇ ಗೊತ್ತಿತ್ತು. ‘ನಾನು ಸತ್ತೋಗಿದ್ದೀನಂತಲ್ಲಪ್ಪಾ. ತಿಥಿ ಊಟಕ್ಕೆ ನೀನೂ ಬಾ’ ಅಂದಳು. ಕಾಫಿ ಕುಡಿದು ಬಂದೆ.

ಈ ಅಜ್ಜಿಯ ಮಾತನ್ನು ಸದನದಲ್ಲಿ ಹೇಳಿದ್ದರೆ ಎಲ್ಲರೂ ನಗುತ್ತಿದ್ದರು, ಮರುದಿನ ಪೇಪರಿನಲ್ಲೂ ಬರುತ್ತಿತ್ತು. ಹೇಳಲಿಲ್ಲ. ಯಾಕೆಂದರೆ ನಾನಿದ್ದದ್ದು ಆಡಳಿತ ಪಕ್ಷದ ಸಾಲಿನಲ್ಲಿ. ವಿರೋಧ ಪಕ್ಷದ ಹಿಂದಿನ ಸಾಲಿನವನಿಗೆ ಕೂಗುವ ಸ್ವಾತಂತ್ರ್ಯವಾದರೂ ಇದೆ, ನಮಗೆ ಅದೂ ಇಲ್ಲ. ಇಲ್ಲಿ ಒಂದು ಮಾತು. 1985ರ ಪಕ್ಷಾಂತರ ನಿಷೇಧ ಕಾನೂನಿನಿಂದ ಶಾಸಕರ ಬಾಯಿ ಕಟ್ಟಿದೆ ಅನ್ನುತ್ತಾರೆ. ಆದರೆ ವಿಪ್, ಅಂದರೆ ಪಕ್ಷದ ಆಜ್ಞೆ, ಉಲ್ಲಂಘಿಸಿದ ಮಾತು ಬರುವುದು ಮತ ಹಾಕುವಾಗ. ಪ್ರಶ್ನೆ ಕೇಳಿದ್ದಕ್ಕೆ ಯಾರ ಸದಸ್ಯತ್ವವೂ ಹೋದದ್ದನ್ನು ನಾನು ಕಾಣೆ. ಬಾಯಿ ಕಟ್ಟುವುದು ಮುಂದಿನ ಚುನಾವಣೆಯ ಟಿಕೆಟ್. ಅದನ್ನು ಕಾನೂನಿನ ಮೇಲೆ ಹಾಕಿ ಸುಮ್ಮನಿರುವುದು ನಮಗೆ ಅನುಕೂಲ, ಅಲ್ವಾ?

ಹಾಗಂತ ನಾನು ದೊಡ್ಡ ಧೈರ್ಯವಂತನೇನಲ್ಲ. ಗಮನ ಸೆಳೆಯುವ ಸೂಚನೆ (ಒಂದು ವಿಷಯಕ್ಕೆ ಮಂತ್ರಿಯಿಂದ ಸದನದಲ್ಲಿ ಉತ್ತರ ಕೇಳುವ ನೋಟಿಸು) ಕೊಡುವ ಮೊದಲು ಮಂತ್ರಿಗಳನ್ನು ಮೊಗಸಾಲೆಯಲ್ಲಿ ಹಿಡಿದೆ. ‘ಸರ್, ನಾಳೆ ಇದನ್ನು ಎತ್ತುತ್ತೇನೆ. ಪಟ್ಟಿ ಈಗಲೇ ತಗೊಳ್ಳಿ’ ಅಂದೆ. ‘ಏನ್ರೀ, ನಮ್ಮವರೇ ಹೀಗೆ ಮಾಡಿದ್ರೆ?’ ಅಂದರು. ಮುಖ ಗಂಟಾಯಿತು. ಆದರೆ ಪಟ್ಟಿ ಜೇಬಿಗೆ ಹೋಯಿತು. ಮಂತ್ರಿಯನ್ನು ಎಲ್ಲರೆದುರು ಬೀಳಿಸಿದರೆ ಅವರು ತಮ್ಮ ಇಲಾಖೆಯ ಪರ ನಿಂತುಬಿಡುತ್ತಾರೆ. ಮೊದಲೇ ಹೇಳಿದರೆ ಅಧಿಕಾರಿಗಳನ್ನು ಕೇಳಲು ಅವರಿಗೆ ಒಂದು ರಾತ್ರಿ ಸಿಗುತ್ತದೆ. ಮರುದಿನ ನಾನು ಓದಿದ್ದು ಎರಡೇ ನಿಮಿಷ. ಮಂತ್ರಿಗಳು ಎದ್ದು, ‘ಮಾನ್ಯ ಸದಸ್ಯರು ಪ್ರಸ್ತಾಪಿಸಿದ ಎಲ್ಲಾ ಪ್ರಕರಣಗಳನ್ನು ಮರುಪರಿಶೀಲನೆ ಮಾಡಿಸುತ್ತೇನೆ’ ಅಂದರು.

ಇಂಥ ಮಾತು ಬಂದ ಕೂಡಲೇ ಹೆಚ್ಚಿನ ಶಾಸಕರು ಕೈಮುಗಿದು ಕೂರುತ್ತಾರೆ. ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಆದರೆ ಸದನದಲ್ಲಿ ಮಂತ್ರಿ ‘ಮಾಡಿಸುತ್ತೇನೆ’ ಅಂದರೆ ಅದು ಭರವಸೆ. ಅದರ ಬೆನ್ನು ಹತ್ತುವುದಕ್ಕೆಂದೇ ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದಿದೆ. ನಡವಳಿಯ ಆ ಪುಟದ ಪ್ರತಿ ತೆಗೆಸಿ, ಆ ಒಂದು ವಾಕ್ಯಕ್ಕೆ ಗೆರೆ ಎಳೆದು ಸಮಿತಿಗೂ ಇಲಾಖೆಗೂ ಪತ್ರ ಬರೆದೆ. ಒಂದು ತಿಂಗಳು ಬಿಟ್ಟು ಮತ್ತೆ ಬರೆದೆ. ಮೂರನೇ ಪತ್ರಕ್ಕೆ ತಾಲ್ಲೂಕು ಕಚೇರಿಯಿಂದ ಜನ ಊರೂರಿಗೆ ಬಂದರು. ನೋಟ್‌ಬುಕ್‌ನಲ್ಲಿದ್ದ ಎಲ್ಲರಿಗೂ ದುಡ್ಡು ಮತ್ತೆ ಬಂತು ಅಂತ ಹೇಳಲಾರೆ. ಕೆಲವರ ಬ್ಯಾಂಕ್ ಖಾತೆಯ ತಕರಾರು ಬಗೆಹರಿಯಲೇ ಇಲ್ಲ. ಇಬ್ಬರು ಅಷ್ಟರಲ್ಲಿ ನಿಜವಾಗಿಯೂ ತೀರಿಕೊಂಡಿದ್ದರು. ಅಜ್ಜಿಗೆ ಬಂತು.

ತಪ್ಪುಗಳನ್ನೂ ಮಾಡಿದ್ದೇನೆ. ಒಮ್ಮೆ ಪೇಪರಿನ ಸಂಖ್ಯೆಯನ್ನು ನಂಬಿ ಓದಿಬಿಟ್ಟೆ. ಮಂತ್ರಿ ತಮ್ಮ ಕಡತ ತೆಗೆದು ತಿದ್ದಿದರು, ಇಡೀ ಸದನ ನಕ್ಕಿತು. ಅಂದಿನಿಂದ ಇಲಾಖೆಯದೇ ಉತ್ತರ ಅಥವಾ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಕೈಯಲ್ಲಿ ಇಲ್ಲದೆ ಅಂಕಿ ಎತ್ತಲಿಲ್ಲ. ಇನ್ನೊಮ್ಮೆ ಸಿಟ್ಟಿನಲ್ಲಿ ಒಬ್ಬ ಅಧಿಕಾರಿಯ ಹೆಸರು ಹಿಡಿದು ಬೈದೆ. ಸದನದಲ್ಲಿ ಆಡಿದ ಮಾತಿಗೆ ಸಂವಿಧಾನದ 194ನೇ ವಿಧಿಯ ರಕ್ಷಣೆ ಇದೆ, ನಮ್ಮನ್ನು ಕೋರ್ಟಿಗೆ ಎಳೆಯಲು ಆಗುವುದಿಲ್ಲ. ಆದರೆ ಆ ಮನುಷ್ಯ ಒಳಗೆ ಬಂದು ಉತ್ತರ ಕೊಡಲೂ ಆಗುವುದಿಲ್ಲವಲ್ಲ. ‘ಕಡತದಿಂದ ತೆಗೆಯಿರಿ’ ಅಂದರು ಸಭಾಧ್ಯಕ್ಷರು. ನನಗೆ ನಾಚಿಕೆಯಾಯಿತು.

ಮಸೂದೆಗಳ ಬಗ್ಗೆ ಹೆಚ್ಚು ಹೇಳಲಾರೆ. ಪೂರ್ತಿ ಓದಲು ಸಮಯ ಸಿಗುತ್ತಿದ್ದುದು ಕಡಿಮೆ. ಹಾಗಾಗಿ ಮೂರು ಜಾಗ ಮಾತ್ರ ನೋಡುತ್ತಿದ್ದೆ: ವ್ಯಾಖ್ಯೆಗಳು, ದಂಡದ ಪ್ರಕರಣ (ಸೆಕ್ಷನ್), ಮತ್ತೆ ಸರ್ಕಾರ ನಿಯಮ ಮಾಡಬಹುದು ಅನ್ನುವ ಪ್ರಕರಣ. ಕೊನೆಯದರಲ್ಲೇ ಎಲ್ಲಾ ಅಡಗಿರುತ್ತದೆ. ಮಾತಾಡಲು ನಾನು ಆರಿಸಿಕೊಳ್ಳುತ್ತಿದ್ದದ್ದು ಸಂಜೆಯ ಹೊತ್ತು. ಮುಂದಿನ ಸಾಲು ಖಾಲಿ, ಗ್ಯಾಲರಿಯ ಪತ್ರಕರ್ತರೂ ಹೋಗಿರುತ್ತಾರೆ. ಆದರೆ ಅಧಿಕಾರಿಗಳ ಗ್ಯಾಲರಿಯಲ್ಲಿ ಯಾರೋ ಒಬ್ಬರು ಕೂತು ಬರೆದುಕೊಳ್ಳುತ್ತಿರುತ್ತಾರೆ. ನನಗೆ ಬೇಕಾದ ಕೇಳುಗ ಅವರೇ. ಪೀಠದಲ್ಲಿದ್ದವರೂ ಆಗ ಗಂಟೆಯನ್ನು ತಡವಾಗಿ ಹೊಡೆಯುತ್ತಾರೆ.

ಮುಂದಿನ ಚುನಾವಣೆಯಲ್ಲಿ ಸೋತೆ. ‘ನೀವು ಸದನದಲ್ಲಿ ಮಾತಾಡಿದ್ದನ್ನು ನಾವು ನೋಡೇ ಇಲ್ಲ ಸರ್’ ಅಂತ ಪ್ರಚಾರದ ವೇಳೆ ಒಬ್ಬ ಹುಡುಗ ಹೇಳಿದ್ದ. ಅವನ ಮೊಬೈಲಿನಲ್ಲಿದ್ದದ್ದು ನಾನು ಆಕಳಿಸುವ ವಿಡಿಯೋ. ಅದೂ ಸಂಜೆಯ ಹೊತ್ತಿನದೇ.

ನನ್ನನ್ನು ಸೋಲಿಸಿದವರು ಮೊದಲ ಅಧಿವೇಶನಕ್ಕೆ ಹೋಗುವ ಮುಂಚೆ ಫೋನ್ ಮಾಡಿದರು. ಬೇರೆ ಪಕ್ಷದವರು, ವಯಸ್ಸಿನಲ್ಲಿ ಚಿಕ್ಕವರು. ‘ಅಣ್ಣಾ, ಮಾಸಾಶನದ ಪ್ರಶ್ನೆ ಹಾಕ್ಬೇಕು, ನೀವು ಹೇಗೆ ಬರೀತಿದ್ರಿ?’ ಅಂತ ಕೇಳಿದರು. ತಾವು ಬರೆದದ್ದನ್ನು ಓದಿ ಹೇಳಿದರು. ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ ಕ್ರಮಗಳೇನು. ‘ಪೆನ್ನು ತಗೊಳ್ಳಿ, ಮೊದಲು ಆ ಎರಡು ಸಾಲು ಹೊಡೆದುಹಾಕಿ’ ಅಂದೆ. ನೋಟ್‌ಬುಕ್ ಮನೆಯಲ್ಲೇ ಇದೆ, ಯಾರನ್ನಾದರೂ ಕಳಿಸಿ ಅಂತಲೂ ಹೇಳಿದೆ.