ಉದ್ರಿ ಪುಸ್ತಕ ತಿರುಗಿಸಿ ಹಿಡಿದೆ

ತುಮಕೂರು ರೈಲ್ವೆ ಸ್ಟೇಷನ್ ಹತ್ತಿರ ನಮ್ಮದು ಸಣ್ಣ ಹೋಟೆಲ್. ಬೆಳಗಿನ ವ್ಯಾಪಾರವೆಲ್ಲ ದಿನಾ ಬೆಂಗಳೂರಿಗೆ ಓಡಾಡುವವರದು. "ರೈಲಿನವರು ಯಾರ ಗಿರಾಕಿಯೂ ಅಲ್ಲ ಕಣಯ್ಯ" ಅಂದಿದ್ದರು ನಮ್ಮ ಭಾವ. ಈಗ ಬೆಳಿಗ್ಗೆ ಗಲ್ಲಾದಲ್ಲಿ ಅವರೇ ಕೂರುತ್ತಾರೆ.

ಮೊದಲು ಉದ್ರಿ ಕೊಟ್ಟು ಕೆಟ್ಟೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ರೈಲು ನಿಂತಾಗ ಪುಸ್ತಕದಲ್ಲಿ 45 ಸಾವಿರದ ಹತ್ತಿರ ಬಾಕಿ. ದುಡ್ಡು ಹೋಗಲಿ, ರೈಲು ಮತ್ತೆ ಶುರುವಾದ ಮೇಲೆ ಬಾಕಿಯವರು ಎದುರಂಗಡಿಯಲ್ಲಿ ನನಗೆ ಬೆನ್ನು ತಿರುಗಿಸಿ ನಿಂತು ಟೀ ಕುಡಿಯುತ್ತಿದ್ದರು. ಮುನ್ನೂರು ರೂಪಾಯಿ ಬಾಕಿಗೆ ಹತ್ತು ವರ್ಷದ ಗಿರಾಕಿ ಹೋದ!

ಆಮೇಲೆ, ಹತ್ತು ಕಾಫಿಗೆ ಒಂದು ಫ್ರೀ ಅಂತ ತೂತು ಹಾಕೋ ಕಾರ್ಡ್ ಮಾಡಿಸಿದೆ. ಪ್ರಿಂಟಿಂಗಿಗೇ ಮೂರು ಸಾವಿರ ಚಿಲ್ಲರೆ. ಅರ್ಧ ಜನ ಕಳೆದುಕೊಂಡರು. ಒಬ್ಬ ಹುಡುಗ ಮನೆಯಲ್ಲೇ ಪಂಚಿಂಗ್ ಮೆಷಿನ್ನಲ್ಲಿ ತೂತು ಹಾಕಿಕೊಂಡು ಬಂದಿದ್ದ. ನಗು ಬಂತು, ಕಾಫಿ ಕೊಟ್ಟು ಕಳಿಸಿದೆ.

ದಾರಿ ತೋರಿಸಿದ್ದು ಗಿರಾಕಿಗಳ ಜೇಬಿನಲ್ಲಿದ್ದ ಸೀಸನ್ ಪಾಸೇ. ರೈಲಿಗೆ ತಿಂಗಳ ದುಡ್ಡು ಮೊದಲೇ ಕಟ್ಟುವವರು ಕಾಫಿಗೆ ಯಾಕೆ ಕಟ್ಟಬಾರದು? ಆಗ ಕಾಫಿ 15 ರೂಪಾಯಿ. 330 ಕೊಟ್ಟರೆ 25 ಕಾಫಿ ಅಂದೆ. ಕಾರ್ಡೂ ಇಲ್ಲ, ಚೀಟಿಯೂ ಇಲ್ಲ. ಹಳೇ ಉದ್ರಿ ಪುಸ್ತಕವನ್ನೇ ಹಿಂದಿನಿಂದ ತೆರೆದು ಹೆಸರು ಬರೆದು ಗೀಟು ಹಾಕುತ್ತಾ ಹೋದೆ. ಮೊದಲ ತಿಂಗಳು ಒಂಬತ್ತು ಜನ. ಆರನೇ ತಿಂಗಳಿಗೆ 70 ದಾಟಿತು. ಒಂದನೇ ತಾರೀಖೇ ಇಪ್ಪತ್ತು ಸಾವಿರದ ಮೇಲೆ ಕೈಗೆ ಬರುವುದರಿಂದ ಹಾಲಿನವರಿಗೆ ನಗದು ಕೊಟ್ಟು ಲೀಟರಿಗೆ ಒಂದು ರೂಪಾಯಿ ಇಳಿಸಿಕೊಂಡೆ. ಗಿರಾಕಿಗಳು ನನಗೆ ಬಾಕಿಯಿದ್ದಾಗ ತಪ್ಪಿಸಿಕೊಂಡು ಓಡಾಡುತ್ತಿದ್ದರು. ನಾನೇ ಅವರಿಗೆ ಬಾಕಿಯಾದೆ, ಹುಡುಕಿಕೊಂಡು ಬಂದರು. ಕಾಫಿಗೆ ಬಂದವರು ಎರಡು ಇಡ್ಲಿ ತಿನ್ನದೆ ಹೋಗುತ್ತಾರೆಯೇ?

ನಡುವೆ ಕಾಫಿಪುಡಿಗೆ ಬೆರೆಸುವ ಚಿಕೋರಿಯನ್ನು ಶೇಕಡಾ 20ರಿಂದ 30ಕ್ಕೆ ಏರಿಸಿ ನೋಡಿದೆ, ಪುಡಿ ಖರ್ಚು ಉಳಿಯಲಿ ಅಂತ. ಮೂರನೇ ದಿನಕ್ಕೇ ಒಬ್ಬರು ಲೋಟ ಕೆಳಗಿಟ್ಟು, "ಏನ್ ಸ್ವಾಮಿ, ಮುಂಗಡ ಇಸ್ಕೊಂಡ್ರಲ್ಲ ಅಂತಾನಾ?" ಅಂದರು. ಅವತ್ತೇ ಹಳೇ ಅಳತೆಗೆ ವಾಪಸ್. ರೈಲಿಗೆ ಎಂಟು ನಿಮಿಷ ಇರುವಾಗ ನಲವತ್ತು ಕಾಫಿ ಬಿಸಿ ಆರದಂತೆ ಹೇಗೆ ಕೊಡುತ್ತೇನೆ ಅನ್ನೋದನ್ನು ಮಾತ್ರ ಬರೆಯಲ್ಲ. ಎದುರಂಗಡಿಯವರೂ ಓದುತ್ತಾರೆ.

ಗೀಟು ನಿಂತಿತು ಅಂದರೆ ಆಸಾಮಿ ಬಂದಿಲ್ಲ ಅಂತ ತಾನಾಗಿ ಗೊತ್ತಾಗುತ್ತದೆ. ನಾಲ್ಕು ದಿನ ಕಾಣದಿದ್ದರೆ ಫೋನ್ ಮಾಡುತ್ತೇನೆ, ವ್ಯಾಪಾರದ ಮಾತು ಎತ್ತುವುದಿಲ್ಲ. ಉಳಿದ ಕಾಫಿಗೆ ವಾಯಿದೆ ಇಲ್ಲ. "ದಿವಾಳಿ ಆಗ್ತೀಯ" ಅಂದರು ಭಾವ.

ಒಬ್ಬರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಒಂದೂವರೆ ವರ್ಷದ ಮೇಲೆ ಮೊನ್ನೆ ಬಂದು ಹದಿನೈದು ರೂಪಾಯಿ ಚಿಲ್ಲರೆ ಹಿಡಿದರು, ರೇಟು ಏರಿದ್ದು ಗೊತ್ತಿಲ್ಲ. ಹಳೇ ಪುಟ ತೆಗೆದು, "ನಿಮ್ಮದು ಹನ್ನೊಂದು ಬಾಕಿ ಇದೆ ಸಾರ್" ಅಂದೆ. ಕಾಫಿ ಕುಡಿದರು, ಧಾರವಾಡ ಪೇಡೆಯ ಡಬ್ಬಿ ಗಲ್ಲಾದ ಮೇಲಿಟ್ಟರು. "ಹತ್ತು ಹಾಗೇ ಇರಲಿ" ಅಂತ ರೈಲಿಗೆ ಓಡಿದರು.